ಹೊರಗಾಗದ ಹುಡುಗಿ

ಪುಣೆ ಕ್ಯಾಂಪ್
29 ಜೂನ್ 2025

ಪ್ರೀತಿಯ ಪ್ರಣೀತಾ,

ನಿನ್ನನ್ನು ಕಾರ್ಕಳದ ಹಾಸ್ಟೆಲಿನಲ್ಲಿ ಬಿಟ್ಟು ಬಂದ ಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡಿದ್ದೇವೆ. ಆದರೆ ನನಗೆ ನಿನ್ನ ದನಿಗಿಂತ ನಿನ್ನ ಹಿಂದೆ ಸಾಲು ನಿಂತ ಹುಡುಗಿಯರ ಗಲಾಟೆಯೇ ಹೆಚ್ಚು ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಶಾಲೆಯೆಲ್ಲ ಇಂಗ್ಲಿಷಿನಲ್ಲಿ ಕಲಿತವಳು ನಾನು. ಆದರೂ ನಿನಗೆ ಇಂಗ್ಲಿಷಿನಲ್ಲಿ ಬರೆದರೆ ಬ್ಯಾಂಕಿಗೆ ಅರ್ಜಿ ಹಾಕಿದ ಹಾಗಾಗುತ್ತದೆ.

ಇಲ್ಲಿ ನೀನಿಲ್ಲದ್ದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಕೆಳಗಿನ ನಮ್ಮ ಹೋಟೆಲಿಗೆ. ಮನೆಯ ಹೆಂಗಸು ಬಂದು ಕೌಂಟರಿನ ಮೇಲಿನ ಅಮ್ಮನವರ ಪಟಕ್ಕೆ ದೀಪ ಹಚ್ಚದೆ ಒಲೆ ಹೊತ್ತಿಸಬಾರದು ಎಂದು ನಿನ್ನ ಮುತ್ತಜ್ಜ ಯಾವ ಗಳಿಗೆಯಲ್ಲಿ ನಿಯಮ ಮಾಡಿದರೋ! ಈ ವಾರ ನಾನು ಹೊರಗೆ. ಅಜ್ಜಿಯ ಮೊಣಕಾಲು ನಮ್ಮ ಮರದ ಮೆಟ್ಟಿಲು ಇಳಿಯುವ ಸ್ಥಿತಿಯಲ್ಲಿಲ್ಲ. ಕೊನೆಗೆ ಪಕ್ಕದ ಬೀದಿಯಿಂದ ಶೆಟ್ರ ಸೊಸೆಯನ್ನು ಕರೆಸಿ ದೀಪ ಹಚ್ಚಿಸಿದ್ದಾಯಿತು. ಅವಳು ತಲೆಗೆ ಸ್ನಾನ ಮಾಡಿ ಬರುವವರೆಗೆ ಅಡುಗೆಯ ತಮ್ಮಯ್ಯ ಇಡ್ಲಿ ಹಿಟ್ಟಿನ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದರು. ನಿನ್ನ ಅಪ್ಪ ಬೆಂಕಿಪೊಟ್ಟಣ ಹಿಡಿದುಕೊಂಡು ಬಾಗಿಲಿಗೂ ಕೌಂಟರಿಗೂ ಓಡಾಡಿದರು. ದಿನಾ ಬರುವ ಪಾರ್ಸಿ ಮುದುಕರು ಗಡಿಯಾರ ನೋಡಿ ಎದ್ದು ಹೋದರು.

ಅಜ್ಜಿ ಮೇಲಿಂದಲೇ ಹೇಳಿದರು: "ನನ್ನ ಪ್ರಣೀತ ಇದ್ದಿದ್ರೆ ಈ ಪಂಚಾತಿಗೆಯೇ ಇರ್ಲಿಲ್ಲ. ಅವಳು ಹೊರಗೆ ಆಗುದು ವರ್ಷಕ್ಕೆ ಎರಡೋ ಮೂರೋ ಸಲ. ಅವಳನ್ನು ಅಮ್ಮನವರೇ ಆರಿಸಿಕೊಂಡದ್ದು ಮಾರಾಯ್ತಿ."

ನವರಾತ್ರಿಗೆ ನೀನು ಬರುತ್ತೀ, ಒಂಬತ್ತು ದಿನವೂ ನಿನ್ನದೇ ದೀಪ ಎಂದು ಅವರು ಈಗಲೇ ಎಲ್ಲರಿಗೂ ಹೇಳಿಯಾಗಿದೆ. ಊಟ ಸೇರುತ್ತಿದೆಯಾ? ಬರೆ.

ನಿನ್ನ ಅಮ್ಮ,
ಭವ್ಯಶ್ರೀ

---

ಹಾಸ್ಟೆಲ್, ಕಾರ್ಕಳ
20 ಜುಲೈ 2025

ಪ್ರೀತಿಯ ಅಮ್ಮ,

ಊಟ ಸೇರುತ್ತದೆ, ಸಾಂಬಾರು ಮಾತ್ರ ತಮ್ಮಯ್ಯ ನೋಡಿದರೆ ಅಳುತ್ತಾರೆ. ಇಲ್ಲಿ ಮಳೆಗೆ ಒಗೆದ ಬಟ್ಟೆ ಒಣಗುವುದೇ ಇಲ್ಲ. ಫ್ಯಾನಿನ ಕೆಳಗೆ ಯಾರ ಬಟ್ಟೆ ಎಂದು ನಮ್ಮ ಕೋಣೆಯಲ್ಲಿ ದಿನಾ ಜಗಳ.

ಒಂದು ವಿಷಯ ಕೇಳಬೇಕು. ಅಜ್ಜಿಗೆ ಓದಿ ಹೇಳಬೇಡ.

ಇಲ್ಲಿ ನಾವು ಕೋಣೆಗೆ ನಾಲ್ಕು ಜನ. ಮೂವರೂ ಪ್ರತಿ ತಿಂಗಳು ಹೊಟ್ಟೆ ಹಿಡಿದುಕೊಂಡು ಮಲಗುತ್ತಾರೆ, ಒಬ್ಬರಿಗೊಬ್ಬರು ಬಿಸಿನೀರು ತಂದುಕೊಡುತ್ತಾರೆ. ನಾನು ಬರೀ ನೀರು ತರುವವಳು. ಅವರಲ್ಲಿ ರಕ್ಷಿತ ಎಂಬವಳು ಮೊನ್ನೆ ಕೇಳಿದಳು, "ನಿನ್ನದು ಯಾವಾಗ ಮಾರಾಯ್ತಿ?" ನಾನು ಯೋಚಿಸಿ, "ಫೆಬ್ರವರಿಯಲ್ಲಿ ಆಗಿತ್ತು ಕಾಣ್ತದೆ" ಅಂದೆ. ಅವಳು ನಗಲಿಲ್ಲ. "ಅಷ್ಟು ತಡ ಆದ್ರೆ ನನ್ನ ಅಮ್ಮ ನನ್ನನ್ನು ಹೊತ್ತುಕೊಂಡು ಡಾಕ್ಟ್ರ ಹತ್ರ ಓಡ್ತಿದ್ರು" ಅಂದಳು.

ನಾನು ಅಜ್ಜಿ ಹೇಳುವುದನ್ನೇ ಹೇಳಿದೆ. ಅಮ್ಮನವರು ಆರಿಸಿದ್ದು, ದೀಪ, ಎಲ್ಲ. ಮನೆಯಲ್ಲಿ ಕೇಳುವಾಗ ಅದು ಚೆನ್ನಾಗಿರುತ್ತದೆ. ಇಲ್ಲಿ ನನ್ನ ಬಾಯಿಂದಲೇ ಕೇಳುವಾಗ ಹೇಗೋ ಆಯಿತು.

ಹಾಸ್ಟೆಲಿನ ನರ್ಸ್ ಎಲ್ಲರ ಹತ್ತಿರ ತಾರೀಕು ಕೇಳಿದರು. ನಾನು ಬಾಯಿಗೆ ಬಂದ ಒಂದು ತಾರೀಕು ಹೇಳಿಬಿಟ್ಟೆ. ಮತ್ತೆ, ಕುತ್ತಿಗೆಯ ಹಿಂದಿನ ಕಪ್ಪು ಹೋಗುತ್ತಿಲ್ಲ. ಅಜ್ಜಿ ಕೊಟ್ಟ ಕಡ್ಲೆಹಿಟ್ಟು ತಿಕ್ಕಿ ತಿಕ್ಕಿ ಉರಿಯುತ್ತದೆ, ಕಪ್ಪು ಹಾಗೇ ಇದೆ. ಜಡೆ ಮೇಲೆ ಕಟ್ಟುವುದು ಬಿಟ್ಟಿದ್ದೇನೆ.

ನನಗೆ ಏನಾದರೂ ಆಗಿದೆಯಾ ಅಮ್ಮ? ಫೋನಿನಲ್ಲಿ ಹೇಳಬೇಡ, ಬರೆ.

ನಿನ್ನ,
ಪ್ರಣಿ

---

ಪುಣೆ ಕ್ಯಾಂಪ್
2 ಆಗಸ್ಟ್ 2025

ಪ್ರೀತಿಯ ಪ್ರಣಿ,

ನಿನ್ನ ಕಾಗದಕ್ಕೆ ಮೊದಲು ಬರೆದ ಉತ್ತರವನ್ನು ಹರಿದು ಹಾಕಿದೆ. "ಏನೂ ಆಗಿಲ್ಲ, ಓದಿನ ಕಡೆ ಗಮನ ಕೊಡು" ಎಂದು ಅದರಲ್ಲಿ ಬರೆದಿದ್ದೆ. ಅರ್ಧಕ್ಕೆ ಬಂದಾಗ, ಇದು ನನ್ನ ಮಾತಲ್ಲ, ನನ್ನ ಅಮ್ಮ ನನಗೆ ಹೇಳುತ್ತಿದ್ದ ಮಾತು ಎಂದು ಹೊಳೆಯಿತು.

ನಿನ್ನ ವಯಸ್ಸಿನಲ್ಲಿ ನನಗೂ ಹೀಗೇ ಇತ್ತು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. "ನಮ್ಮ ಕಡೆ ಹೆಂಗಸರಿಗೆ ಹಾಗೇ, ಕಷ್ಟ ಕಮ್ಮಿ" ಎಂದು ಅಮ್ಮ ಹೆಮ್ಮೆಯಿಂದಲೇ ಹೇಳುತ್ತಿದ್ದಳು. ಅವಳಿಗೂ ಹಾಗೇ ಇತ್ತಂತೆ. ನೀನು ಹುಟ್ಟಿದ ಮೇಲೆ ನನ್ನದು ಸರಿಹೋಯಿತು, ಹಾಗಾಗಿ ಮರೆತೆ. ನಿನ್ನದು ಹಾಗೆ ಎಂದು ಗೊತ್ತಾದಾಗ ನನಗೆ ಭಯವಾಗಲಿಲ್ಲ, ಗುರುತು ಸಿಕ್ಕಿದ ಹಾಗಾಯಿತು. ಗುರುತು ಸಿಕ್ಕಿದ್ದನ್ನು ನಾವು ಸರಿ ಅಂದುಕೊಳ್ಳುತ್ತೇವೋ ಏನೋ.

ನಿನಗೆ ಏನಾದರೂ ಆಗಿದೆಯಾ ಎಂದು ಕೇಳಿದ್ದೀ. ನನಗೆ ಗೊತ್ತಿಲ್ಲ. ಗೊತ್ತಿರುವವರನ್ನು ಕೇಳೋಣ. ಚೌತಿ ರಜೆಗೆ ಬಾ, ಹೆಂಗಸರ ಡಾಕ್ಟರೊಬ್ಬರ ಹತ್ತಿರ ಸಮಯ ತೆಗೆದುಕೊಂಡಿದ್ದೇನೆ. ಗಣಪತಿಯ ಗದ್ದಲದಲ್ಲಿ ಹೋಟೆಲು ಬಿಟ್ಟು ಹೋಗುತ್ತೀಯಾ ಎಂದು ನಿನ್ನ ಅಪ್ಪ ಕೇಳಿದರು, ಹೋಗುತ್ತೇನೆ ಅಂದೆ.

ಅಜ್ಜಿಗೆ ಹೇಳಿದೆ. ಎಷ್ಟು ದಿನ ಮುಚ್ಚಿಡುವುದು? ಅವರು ಅಂದದ್ದು ಇಷ್ಟೇ: "ಬರುದಿಲ್ಲ ಅಂತ ಡಾಕ್ಟ್ರ ಹತ್ರ ಹೋಗುದಾ? ನಮ್ಮ ಕಾಲದಲ್ಲಿ ಜಾಸ್ತಿ ಬಂದ್ರೂ ಹೋಗ್ತಿರ್ಲಿಲ್ಲ."

ಕುತ್ತಿಗೆಗೆ ಇನ್ನು ಏನನ್ನೂ ತಿಕ್ಕಬೇಡ. ನರ್ಸಿಗೆ ನಿಜ ಹೇಳು, ಅವರು ಬೈಯುವುದಿಲ್ಲ.

ಅಮ್ಮ

---

ಹಾಸ್ಟೆಲ್, ಕಾರ್ಕಳ
2 ಸೆಪ್ಟೆಂಬರ್ 2025

ಪ್ರೀತಿಯ ಅಮ್ಮ,

ಬಸ್ಸು ಸರಿಯಾಗಿ ಬಂತು. ಚಕ್ಕುಲಿ ಒಂದೇ ದಿನದಲ್ಲಿ ಖಾಲಿ, ಡಬ್ಬಿ ತೊಳೆದಿಟ್ಟಿದ್ದೇನೆ.

ಆ ಡಾಕ್ಟರಮ್ಮ ಮತ್ತೆ ಮತ್ತೆ ನೆನಪಾಗುತ್ತಾರೆ. ನಾವಿನ್ನೂ ಕೂತಿರಲಿಲ್ಲ, ನನ್ನ ಕುತ್ತಿಗೆ ನೋಡಿ, "ಇದು ಕೊಳೆಯಲ್ಲ ಮಗು, ಸಾಬೂನಿಗೆ ಬೈಯಬೇಡ" ಅಂದರಲ್ಲ. ನನಗೆ ಅಲ್ಲೇ ಅಳು ಬಂದಿತ್ತು. ಶುರುವಿನಲ್ಲಿ ಒಂದೆರಡು ವರ್ಷ ಹಿಂದೆ ಮುಂದೆ ಆಗುತ್ತದೆ, ಆದರೆ ಮೊದಲ ಮುಟ್ಟಾಗಿ ಇಷ್ಟು ವರ್ಷವಾದ ಮೇಲೂ ಹೀಗಿದ್ದರೆ ನೋಡಬೇಕು ಅಂದರು. ಆಮೇಲೆ ನಿನ್ನ ಕಡೆ ತಿರುಗಿ, ನಿನ್ನದು ಹೇಗಿತ್ತು, ನಿನ್ನ ಅಮ್ಮನದು ಹೇಗಿತ್ತು, ಅವರು ಈಗ ಹೇಗಿದ್ದಾರೆ ಎಂದು ಕೇಳಿದರು. "ಐವತ್ತೊಂದಕ್ಕೆ ಹೃದಯಾಘಾತದಲ್ಲಿ ಹೋದಳು" ಎಂದೆ ನೀನು. ಅವರು ಪೆನ್ನು ಕೆಳಗಿಟ್ಟರು. ನನಗೆ ಅದು ಕಾಣಿಸಿತು.

ಮುಟ್ಟಿಗೂ ಎದೆಗೂ ಏನು ಸಂಬಂಧ ಎಂದು ನೀನು ಕೇಳಿದಾಗ, "ಎರಡೂ ಒಂದೇ ದೇಹದಲ್ಲಿ ಇವೆಯಲ್ಲ" ಅಂದು ನಕ್ಕರು. ಹೀಗಿರುವ ಹುಡುಗಿಯರಲ್ಲಿ ಕೆಲವರಿಗೆ ಮುಂದೆ ಸಕ್ಕರೆ, ಬಿಪಿ, ಹೃದಯದ ತೊಂದರೆ ಬರುವುದು ಹೆಚ್ಚು; ಎಲ್ಲರಿಗೂ ಬರುತ್ತದೆಂದಲ್ಲ, ಬೇಗ ಗೊತ್ತಾದರೆ ಬೇಗ ಜಾಗ್ರತೆ ಮಾಡಬಹುದು ಅಂದರು. ರಕ್ಷಿತಳಿಗೆ ಇದನ್ನು ಹೇಳಿಕೊಟ್ಟೆ. ಹೇಳಿಕೊಡುವಾಗ ನನಗೇ ಭಯ ಸ್ವಲ್ಪ ಕಡಿಮೆಯಾಯಿತು.

ಈಗ ಮುಖ್ಯ ವಿಷಯ. ರಕ್ತದ ರಿಪೋರ್ಟು ಬಂದ ಮೇಲೆ ಶುರು ಮಾಡು ಎಂದು ಕೊಟ್ಟ ಮಾತ್ರೆ ಟ್ರಂಕಿನಲ್ಲಿದೆ. ಅದು ಮುಗಿದ ಕೆಲವು ದಿನಕ್ಕೆ ಹೊರಗೆ ಆಗುತ್ತೇನೆ ಅಂದರಲ್ಲ. ಲೆಕ್ಕ ಹಾಕಿದರೆ ಸರಿಯಾಗಿ ನವರಾತ್ರಿಯ ಮಧ್ಯೆ. ಹೊರಡುವ ದಿನ ಅಜ್ಜಿ ನನ್ನ ಕೈ ಹಿಡಿದು, "ಇಷ್ಟು ತಿಂಗಳು ಕಾದದ್ದು, ಹಬ್ಬ ಕಳೆದ ಮೇಲೆ ತಗೊ ಮಗಾ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಏನು ಮಾಡಲಿ? ನಾನು ದೀಪ ಹಚ್ಚದಿದ್ದರೆ ಅಜ್ಜಿಗೆ ನಾನು ಯಾರು?

ಮತ್ತೆ, ನಿನಗೂ ಒಂದು ಚೀಟಿ ಬರೆದುಕೊಟ್ಟರು. ನೀನು ಮಡಚಿ ಬ್ಯಾಗಿಗೆ ಹಾಕಿದೆ. ಅದರಲ್ಲಿ ಏನಿದೆ?

ಪ್ರಣಿ

---

ಪುಣೆ ಕ್ಯಾಂಪ್
7 ಸೆಪ್ಟೆಂಬರ್ 2025

ಪ್ರೀತಿಯ ಪ್ರಣಿ,

ನಿನ್ನ ರಿಪೋರ್ಟು ಬಂತು. ಸಕ್ಕರೆ ಹದದಲ್ಲೇ ಇದೆ, ಥೈರಾಯ್ಡ್ ಸರಿ ಇದೆ. ರಕ್ತದ ಕೊಬ್ಬು ಸ್ವಲ್ಪ ಹೆಚ್ಚು. ಒಂದು ಹಾರ್ಮೋನು ಇರಬೇಕಾದ್ದಕ್ಕಿಂತ ಜಾಸ್ತಿ. ಮುಟ್ಟು ತಪ್ಪುವುದು ಅದರಿಂದ ಅಂದರು. ದೊಡ್ಡ ಹೆಸರೊಂದನ್ನು ಈಗಲೇ ನಿನ್ನ ತಲೆಗೆ ಕಟ್ಟುವುದಿಲ್ಲ, ಓಡಾಟ, ಊಟ, ನಿದ್ರೆ ಮತ್ತು ಈ ಮಾತ್ರೆಯಿಂದ ಶುರು ಮಾಡೋಣ ಎಂದರು. ಕುತ್ತಿಗೆಯ ಕಪ್ಪು ನಿಧಾನವಾಗಿ ಹೋಗುತ್ತದಂತೆ.

ಹಬ್ಬಕ್ಕಾಗಿ ಕಾಯಬೇಡ, ಮಾತ್ರೆ ಶುರು ಮಾಡು. ಇದನ್ನು ಬರೆಯುವುದು ನನಗೆ ಸುಲಭವಲ್ಲ. ಅಜ್ಜಿ ನಿನ್ನನ್ನು ಎಷ್ಟು ಹೆಮ್ಮೆಯಿಂದ ಕೆಳಗೆ ಕಳಿಸುತ್ತಿದ್ದರೆಂದು ನಾನು ನೋಡಿದ್ದೇನೆ. ನೀನು ಒದ್ದೆ ತಲೆಯಲ್ಲಿ ಬತ್ತಿ ನೆಟ್ಟಗೆ ಮಾಡುವುದನ್ನು ನೋಡುವುದು ನನಗೂ ಇಷ್ಟವಾಗಿತ್ತು. ಆದರೆ ನಿನ್ನ ಮೈ ಸರಿಯಿಲ್ಲದ್ದನ್ನು ನಾವೆಲ್ಲ ಸೇರಿ ನಮ್ಮ ಅನುಕೂಲಕ್ಕೆ ಪುಣ್ಯ ಎಂದು ಕರೆದೆವು. ಇನ್ನೊಂದು ನವರಾತ್ರಿಗೆ ಅದನ್ನು ಮುಂದುವರಿಸುವುದು ಬೇಡ.

ಅಜ್ಜಿಗೂ ನನಗೂ ಈ ವಾರ ಮಾತು ಸ್ವಲ್ಪ ಕಡಿಮೆ. ಅದೆಲ್ಲ ಸರಿಹೋಗುತ್ತದೆ.

ನನ್ನ ಚೀಟಿಯಲ್ಲಿ ವಿಶೇಷ ಏನಿಲ್ಲ. ಎಂ.ಜಿ. ರಸ್ತೆಯಲ್ಲಿ ಒಂದು ಜೊತೆ ಸ್ಪೋರ್ಟ್ಸ್ ಶೂ ತೆಗೆದುಕೊಂಡೆ. ಬೂದು ಬಣ್ಣ, ನೀಲಿ ಲೇಸು. ನೀನು ನೋಡಿದರೆ ನಗುತ್ತೀ.

ಅಮ್ಮ

---

ಹಾಸ್ಟೆಲ್, ಕಾರ್ಕಳ
11 ಸೆಪ್ಟೆಂಬರ್ 2025

ಅಮ್ಮ,

ನಾನು ನಗಲಿಲ್ಲ. ನೀನು ಚಪ್ಪಲಿ ಬಿಟ್ಟು ಬೇರೆ ಏನನ್ನೂ ಹಾಕಿದ್ದು ನಾನು ನೋಡಿಲ್ಲ. ನಿನಗೆ ಶೂ ಯಾಕೆ?

ರಕ್ಷಿತಳ ಅಪ್ಪನಿಗೆ ಎದೆ ಭಾರ ಎಂದಾಗ ಆಸ್ಪತ್ರೆಯಲ್ಲಿ ಮೈಗೆಲ್ಲ ವಯರು ಅಂಟಿಸಿ ಓಡುವ ಪಟ್ಟಿಯ ಮೇಲೆ ನಡೆಸಿದರಂತೆ. ಶೂ ಹಾಕಿಕೊಂಡು ಬನ್ನಿ ಎಂದಿದ್ದರಂತೆ. ಕಳೆದ ವರ್ಷ ನೀನು ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಂತು ಚೀಲ ಸರಿಮಾಡಿಕೊಳ್ಳುತ್ತಿದ್ದೆ. ಅದು ಚೀಲಕ್ಕಲ್ಲ ಎಂದು ಈಗ ಅನಿಸುತ್ತಿದೆ.

ನನಗೆ ಮಾತ್ರ ಎಲ್ಲ ಹೇಳು, ನರ್ಸಿಗೆ ನಿಜ ಹೇಳು ಎನ್ನುತ್ತೀ. ನೀನು ಹೇಳುವವರೆಗೆ ನಾನು ಮಾತ್ರೆ ಶುರು ಮಾಡುವುದಿಲ್ಲ. ಇದು ತಮಾಷೆಯಲ್ಲ.

ಪ್ರಣೀತಾ

---

ಪುಣೆ ಕ್ಯಾಂಪ್
15 ಸೆಪ್ಟೆಂಬರ್ 2025

ನನ್ನ ಪ್ರಣೀತಾ,

ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಇದು ಕೈಗೆ ಬಂದ ದಿನವೇ ಮಾತ್ರೆ ಶುರು ಮಾಡಬೇಕು, ಅದು ನಮ್ಮ ಒಪ್ಪಂದ.

ಚೀಟಿಯಲ್ಲಿ ಇದ್ದದ್ದು ನೀನು ಅಂದುಕೊಂಡದ್ದೇ. ಬಿಪಿ ಹೆಚ್ಚಿತ್ತು. ಸಕ್ಕರೆ ಗಡಿಯ ಮೇಲೆ ನಿಂತಿತ್ತು, ಕಾಯಿಲೆ ಎನ್ನುವಷ್ಟಲ್ಲ, ಸುಮ್ಮನಿರುವಷ್ಟೂ ಅಲ್ಲ. ಮೆಟ್ಟಿಲ ಮೇಲೆ ಎದೆಯಲ್ಲಿ ಒಂದು ಬಿಗಿತ ಬರುತ್ತಿತ್ತು. ಮೆಟ್ಟಿಲು ಹಳೆಯದು, ಕಡಿದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನನ್ನ ಅಮ್ಮನೂ ಬಾವಿಕಟ್ಟೆಯ ಹತ್ತಿರ ಕೊಡ ಇಳಿಸಿ ನಿಲ್ಲುತ್ತಿದ್ದಳು.

ಶನಿವಾರ ಆ ಓಡುವ ಪಟ್ಟಿಯ ಮೇಲೆ ನಡೆದೆ. ಅಲ್ಲಿದ್ದ ಹುಡುಗಿ ಪ್ರತಿ ಸಲ ವೇಗ ಹೆಚ್ಚಿಸುವಾಗಲೂ, "ಕಾಕು, ಠೀಕ್ ಆಹೇ ನಾ?" ಎಂದಳು, ಸರಿ ಇದ್ದೀರಲ್ಲ ಚಿಕ್ಕಮ್ಮ ಎಂದು. ನಾನು ಠೀಕ್ ಎನ್ನುತ್ತಲೇ ಇದ್ದೆ, ನಂಬಿಕೆಯಿಂದಲ್ಲ, ಅಭ್ಯಾಸದಿಂದ. ಆದರೆ ನಿಜವಾಗಿಯೂ ಠೀಕೇ ಇತ್ತು, ಪ್ರಣಿ. ಹೃದಯ ಸರಿ ಇದೆ. ಎಕೋ ಸ್ಕ್ಯಾನ್ ಕೂಡ ಮಾಡಿಸಿದರು, ಅದೂ ಸರಿ. ಬಿಪಿಗೆ ಒಂದು ಮಾತ್ರೆ, ದಿನಾ ನಡಿಗೆ, ಮೂರು ತಿಂಗಳ ಮೇಲೆ ಮತ್ತೆ ಸಕ್ಕರೆ ನೋಡುವುದು. "ಒಳ್ಳೆಯ ಸಮಯಕ್ಕೆ ಬಂದಿರಿ" ಅಂದರು ಡಾಕ್ಟರ್. ನಾನು ಬರಲಿಲ್ಲ, ನಿನ್ನ ಜೊತೆಗೆ ಬಂದೆ ಅಷ್ಟೇ. ಹೊರಗೆ ಬಂದು ಕಬ್ಬಿನ ಹಾಲಿನ ಅಂಗಡಿಯ ಬೆಂಚಿನ ಮೇಲೆ ಕೂತು, ಲೋಟ ಮುಟ್ಟದೆ, ಅತ್ತುಬಿಟ್ಟೆ. ನಿನ್ನ ಅಪ್ಪ ನನ್ನ ಶೂ ಲೇಸು ಕಟ್ಟುವ ನೆಪದಲ್ಲಿ ತಲೆ ತಗ್ಗಿಸಿದರು.

ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ಇದ್ದರು.
"ಓಡಿದೆಯಾ?"
"ನಡೆದೆ, ಅತ್ತೆ."
"ಎದೆ ಎಂತ ಹೇಳ್ತದೆ?"
"ಸರಿ ಉಂಟಂತೆ."

ಒಳಗೆ ಹೋಗಿ ತಾವೇ ಚಹಾ ಮಾಡಿದರು. ಸಕ್ಕರೆ ಹಾಕದೆ. ಮೊದಲು ತಾವು ಒಂದು ಗುಟುಕು ಕುಡಿದು, ಮುಖ ಕಿವುಚಿ, "ಇದನ್ನು ಮನುಷ್ಯರು ಕುಡಿತಾರಾ" ಎನ್ನುತ್ತಾ ನನಗೆ ಕೊಟ್ಟರು. ಪಾತ್ರೆ ತೊಳೆದಿಟ್ಟು ಬಂದು ಅಂದರು: "ನಿನ್ನ ಅಮ್ಮ ಮದುವೆ ಮನೆಯಲ್ಲಿ ನನ್ನ ಹತ್ರ ಹೇಳಿದ್ಳು, ನಮ್ಮ ಹುಡುಗಿಗೆ ಆ ಕಷ್ಟ ಕಮ್ಮಿ ಅಂತ. ನಾನು ಸಂತೋಷಪಟ್ಟೆ. ಪಾಪ, ಅವಳಿಗೂ ಯಾರೂ ಹೇಳ್ಲಿಲ್ಲ." ಆಮೇಲೆ, "ಹುಡುಗಿ ಮಾತ್ರೆ ತಗೊಳ್ಳಲಿ. ದೀಪದ್ದು ನಾನು ನೋಡಿಕೊಳ್ತೇನೆ" ಅಂದರು.

ಏನು ನೋಡಿಕೊಳ್ಳುತ್ತಾರೆಂದು ನಾನು ಕೇಳಲಿಲ್ಲ.

ನಿನ್ನ ಅಮ್ಮ

---

ಹಾಸ್ಟೆಲ್, ಕಾರ್ಕಳ
12 ಅಕ್ಟೋಬರ್ 2025

ಪ್ರೀತಿಯ ಅಮ್ಮ,

ರಜೆ ಮುಗಿದು ಕಾಲೇಜು ಶುರುವಾಗಿದೆ. ಬೆಳಿಗ್ಗೆ ರಕ್ಷಿತಳೂ ನಾನೂ ಮೈದಾನಕ್ಕೆ ಸುತ್ತು ಹಾಕುತ್ತೇವೆ. ಅವಳು ನಡೆಯುವುದಕ್ಕಿಂತ ಮಾತಾಡುವುದು ಹೆಚ್ಚು.

ನನಗೆ ಒಂದು ವಿಷಯ ಇನ್ನೂ ಗೊತ್ತಾಗಿಲ್ಲ. ನವರಾತ್ರಿಯಲ್ಲಿ ನನಗೆ ಶುರುವಾದ ಬೆಳಿಗ್ಗೆ ನಾನು ಮೇಲೆ ಬಿಸಿನೀರಿನ ಚೀಲ ಅಪ್ಪಿಕೊಂಡು ಮಲಗಿದ್ದೆ. ನೀನೂ ಹಿಂದಿನ ದಿನವೇ ಹೊರಗೆ. ಮೆಟ್ಟಿಲ ಕಡೆಯಿಂದ ಅಜ್ಜಿಯ ದನಿ, ಕೆಳಗೆ ತಮ್ಮಯ್ಯನ ನಗು, ಆಮೇಲೆ ಪಾತ್ರೆ ಬಿದ್ದ ಸದ್ದು. ಏನಾಯಿತೆಂದು ಅಪ್ಪನನ್ನು ಕೇಳಿದರೆ ಸುಟ್ಟ ಬೆರಳು ತೋರಿಸಿ, "ಎಂತ ಇಲ್ಲ" ಅಂದರು. ಬಸ್ಸು ಹತ್ತುವವರೆಗೂ ಯಾರೂ ಬಾಯಿ ಬಿಡಲಿಲ್ಲ. ನೀನು ಹೇಳು.

ಹೊಟ್ಟೆನೋವು ಎಷ್ಟು ಜೋರಿತ್ತೆಂದರೆ ಅತ್ತುಬಿಟ್ಟೆ. ಆದರೂ ಒಳಗೊಳಗೆ ಖುಷಿ. ವಿಚಿತ್ರ ಅಲ್ಲವಾ?

ಪ್ರಣಿ

---

ಪುಣೆ ಕ್ಯಾಂಪ್
19 ಅಕ್ಟೋಬರ್ 2025

ಪ್ರೀತಿಯ ಪ್ರಣಿ,

ಹೇಳಬಾರದೆಂದು ನಿನ್ನ ಅಪ್ಪನ ಆಜ್ಞೆ. ಹಾಗಾಗಿ ಬರೆಯುತ್ತಿದ್ದೇನೆ.

ಆ ದಿನ ಶೆಟ್ರ ಸೊಸೆಯೂ ಊರಿಗೆ ಹೋಗಿದ್ದಳು. ತಮ್ಮಯ್ಯ ಒಲೆಯ ಮುಂದೆ, ನಿನ್ನ ಅಪ್ಪ ಎಂದಿನಂತೆ ಬೆಂಕಿಪೊಟ್ಟಣ ಹಿಡಿದು ಪಟದ ಮುಂದೆ. ಅಂಗಡಿಯ ಹೊರಗೆ ಜನ ಸೇರುತ್ತಿದ್ದರು. ಅಜ್ಜಿ ಮೇಲೆ ಮೆಟ್ಟಿಲ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಅವರ ಹಿಂದೆ, ದೂರದಲ್ಲಿ.

"ಸುಹಾಸಾ," ಎಂದು ನಿನ್ನ ಅಪ್ಪನನ್ನು ಕರೆದರು.
"ಎಂತಮ್ಮ? ಹೆಂಗಸರು ಯಾರಾದ್ರೂ ಬರ್ತಾರಾ?"
"ಇಲ್ಲ. ನಿನ್ನ ಹತ್ರ ಒಂದು ಕೇಳ್ಲಿಕ್ಕುಂಟು. ನೀನು ಯಾವತ್ತಾದ್ರೂ ಹೊರಗೆ ಆಗುದುಂಟಾ?"

ತಮ್ಮಯ್ಯ ಹಿಟ್ಟಿನ ಪಾತ್ರೆಯ ಮೇಲೆ ಬಗ್ಗಿ ನಗು ತಡೆದುಕೊಳ್ಳಲು ನೋಡಿದರು.

"ಎಂತ ಕೇಳ್ತೀರಮ್ಮ," ಎಂದರು ನಿನ್ನ ಅಪ್ಪ.
"ಇಲ್ಲಾಂತಾದ್ರೆ ಹಚ್ಚು. ಬೆಂಕಿಪೊಟ್ಟಣ ನಿನ್ನ ಕೈಯಲ್ಲೇ ಉಂಟಲ್ಲ."
"ಹೆಂಗಸರು ಹಚ್ಚಬೇಕು ಅಂತ ಅಜ್ಜ..."
"ಅಜ್ಜನಿಗೆ ಬೆಳಿಗ್ಗೆ ಏಳ್ಲಿಕ್ಕೆ ಉದಾಸೀನ, ಅದಕ್ಕೆ ಮಾಡಿದ ನಿಯಮ ಅದು. ಅವರ ಸೊಸೆ ನಾನು, ನನಗೆ ಗೊತ್ತಿಲ್ವಾ? ಹಚ್ಚು ಅಂದ್ರೆ ಹಚ್ಚು."

ನಾನು ಮದುವೆಯಾಗಿ ಬಂದಂದಿನಿಂದ ಆ ಮನುಷ್ಯ ಪ್ರತಿ ದಿನ ಬೆಂಕಿಪೊಟ್ಟಣ ಹಿಡಿದು ದೀಪದ ಪಕ್ಕದಲ್ಲೇ ನಿಂತಿದ್ದಾರೆ. ನಮಗೆ ಯಾರಿಗೂ ಹೊಳೆದಿರಲಿಲ್ಲ. ತಿಂಗಳು ತಿಂಗಳು ಮುಟ್ಟಾಗದ ಒಬ್ಬ ಹುಡುಗಿಗಾಗಿ ಹುಡುಕಿದೆವು, ನೀನು ಸಿಕ್ಕಿದೆ, ದೇವರೇ ಕೊಟ್ಟದ್ದು ಅಂದೆವು.

ಹಚ್ಚಿದರು. ಬತ್ತಿ ದಪ್ಪ ಹೊಸೆದಿದ್ದರು, ಬೆರಳು ಸುಟ್ಟಿತು, ಬೆಚ್ಚಿ ಕೈ ಎಳೆದಾಗ ಎಣ್ಣೆಯ ಪಾತ್ರೆ ಉರುಳಿತು. ದೀಪ ಮಾತ್ರ ಆರಲಿಲ್ಲ. ಅಜ್ಜಿ ಕುರ್ಚಿಯಿಂದಲೇ ಕೈ ಮುಗಿದರು. ಆಮೇಲೆ ನಿನ್ನ ಕೋಣೆಯ ಹೊಸ್ತಿಲಿನವರೆಗೆ ಬಂದು ಮೆಂತ್ಯ ಗಂಜಿ ಇಟ್ಟರಲ್ಲ, ಬೆಲ್ಲ ಕಮ್ಮಿ ಎಂದು ನೀನು ಗೊಣಗಿದ್ದು? ಅದರಲ್ಲಿ ಬೆಲ್ಲವೇ ಇರಲಿಲ್ಲ. ಸಿಹಿ ತೆಂಗಿನ ಹಾಲಿನದು.

ಅವರು ಹೊಸ್ತಿಲು ದಾಟಲಿಲ್ಲ, ಅದನ್ನೂ ನೋಡಿದೆ. ಎಲ್ಲವೂ ಒಂದೇ ದಿನಕ್ಕೆ ಬದಲಾಗಬೇಕೆಂದು ನಾನು ಕೇಳುವುದಿಲ್ಲ. ನಾನೂ ಕೆಳಗೆ ಇಳಿದು ಹಚ್ಚುತ್ತೇನೆ ಎನ್ನಲಿಲ್ಲವಲ್ಲ. ಆದರೆ ಆ ದಿನದಿಂದ ದೀಪ ನಿನ್ನ ಅಪ್ಪನದೇ. ಈಗ ಬತ್ತಿ ಸಣ್ಣಗೆ ಹೊಸೆಯುತ್ತಾರೆ.

ನಾನು ಬೆಳಿಗ್ಗೆ ರೇಸ್ ಕೋರ್ಸ್ ಕಡೆ ನಡೆಯುತ್ತೇನೆ. ನೀಲಿ ಲೇಸಿಗೆ ಈಗ ಯಾರೂ ನಗುವುದಿಲ್ಲ.

ಅಮ್ಮ

---

ಹಾಸ್ಟೆಲ್, ಕಾರ್ಕಳ
18 ಜನವರಿ 2026

ಪ್ರೀತಿಯ ಅಮ್ಮ,

ಇವತ್ತು ಭಾನುವಾರ, ಫೋನಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಬರುವ ಮೊದಲೇ ಸಾಲು ಬಿಟ್ಟು ಓಡಬೇಕಾಯಿತು. ಅದಕ್ಕೇ ಫೋನ್ ಬರಲಿಲ್ಲ. ಗಾಬರಿಯಾಗಿದ್ದರೆ ಕ್ಷಮಿಸು.

ಈ ಸಲ ಮಾತ್ರೆ ತೆಗೆದುಕೊಂಡಿರಲಿಲ್ಲ. ಡಾಕ್ಟರ್ ಕಾದು ನೋಡೋಣ ಅಂದಿದ್ದರಲ್ಲ. ತಾನಾಗಿಯೇ ಬಂತು. ರಕ್ಷಿತ ಬಿಸಿನೀರು ತಂದುಕೊಟ್ಟಳು. ಇಷ್ಟು ದಿನ ನಾನು ತಂದದ್ದಕ್ಕೆಲ್ಲ ಈಗ ವಸೂಲಿ ಮಾಡುತ್ತಿದ್ದೇನೆ. ನರ್ಸಿನ ಹತ್ತಿರ ಹೋಗಿ ನಿಜವಾದ ತಾರೀಕು ಬರೆಸಿದೆ. ಜಡೆ ಮೇಲೆ ಕಟ್ಟಿಕೊಂಡೇ ಹೋದೆ.

ನಿನ್ನ ಸಕ್ಕರೆ ಗಡಿಯಿಂದ ಕೆಳಗಿಳಿದದ್ದನ್ನು ಕಳೆದ ಕಾಗದದಲ್ಲಿ ಓದಿ ಕೋಣೆಯಲ್ಲಿ ನಾಲ್ವರೂ ಚಪ್ಪಾಳೆ ತಟ್ಟಿದೆವು. ನಿನ್ನನ್ನು ಅವರು ನೋಡಿಲ್ಲ, ಆದರೂ ತಟ್ಟಿದರು.

ಅಜ್ಜಿಗೆ ನೀನೇ ಓದಿ ಹೇಳು, ಈ ಸಲ ಎಲ್ಲವನ್ನೂ: ಪ್ರಣೀತ ಹೊರಗೆ ಆಗಿದ್ದಾಳೆ, ಆರಾಮವಾಗಿದ್ದಾಳೆ, ದೀಪ ಅಪ್ಪ ಹಚ್ಚಲಿ.

ನಿನ್ನ,
ಪ್ರಣಿ